ನನ್ನ ಓಟು ಬಾದಾಮಿಗೆ

ಅರವತ್ತು ದಾಟಿದ ಮೇಲೂ ಬಂಡೆ ಹತ್ತುವವರ ಅನುಭವಗಳ ಲೇಖನ ಓದಿ ಮನಸ್ಸು ತುಂಬಿತು. ಅದರಲ್ಲಿ ಒಬ್ಬರು ಬಂಡೆ ಹತ್ತಲು ಒಳ್ಳೆಯ ಜಾಗ ಅಂತ ಹಂಪಿಗೆ ಮೊದಲ ಸ್ಥಾನ ಕೊಟ್ಟಿದ್ದಾರೆ. ನನಗೀಗ 63, ನನ್ನ ಓಟು ಬಾದಾಮಿಗೆ.

ಹಂಪಿ ಚೆಂದವೇ. ಆದರೆ ಅಲ್ಲಿನ ಗ್ರಾನೈಟ್ ಬೆರಳಿನ ಚರ್ಮ ಸುಲಿದುಬಿಡುತ್ತದೆ. ಹಗ್ಗವಿಲ್ಲದೆ ಗುಂಡುಬಂಡೆ ಹತ್ತಿ ಕೆಳಗೆ ಜಿಗಿದರೆ ಈ ವಯಸ್ಸಿನ ಮೊಣಕಾಲು ಕೇಳಬೇಕಲ್ವಾ? ಬಾದಾಮಿಯದು ಕೆಂಪು ಮರಳುಗಲ್ಲು. ಪದರ ಪದರವಾಗಿರುವುದರಿಂದ ಅಡ್ಡ ಸೀಳು, ಅಂಚು ಜಾಸ್ತಿ ಸಿಗುತ್ತವೆ. ಇಡೀ ಅಂಗೈ ಕೂರುತ್ತದೆ. ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟ್ ಹೊಡೆದ ದಾರಿಗಳೂ ಬೇಕಾದಷ್ಟಿವೆ. ಮೇಲಿಂದ ಹಗ್ಗ ಹಾಕಿಸಿಕೊಂಡು ನಿಧಾನವಾಗಿ ಹತ್ತಬಹುದು.

ಡಿಸೆಂಬರ್, ಜನವರಿಯಲ್ಲಿ ಹೋಗಿ. ಬಿಸಿಲೇರುವ ಮೊದಲೇ ಶುರು ಮಾಡಿ. ಮಳೆ ಬಂದಿದ್ದರೆ ದಯವಿಟ್ಟು ಕಲ್ಲು ಪೂರ್ತಿ ಒಣಗುವವರೆಗೆ ಕಾಯಿರಿ. ಒದ್ದೆ ಮರಳುಗಲ್ಲಿನ ಬಲ ಕುಗ್ಗಿರುತ್ತದೆ, ಹಿಡಿದ ಅಂಚು ಕೈಗೇ ಕಿತ್ತು ಬರಬಹುದು. ತಿಂಡಿ ಚೀಲ ಕೆಳಗೆ ಬಿಡಬೇಡಿ, ಕೋತಿಗಳಿವೆ!

ತೋಳಿನ ಕಸುವು ಕಡಿಮೆಯಾಗಿದೆ ಅನ್ನುವವರಿಗೆ ಸಾವನದುರ್ಗ. ಅಲ್ಲಿ ಇಳಿಜಾರು ಬಂಡೆ, ಕೆಲಸವೆಲ್ಲ ಪಾದದ್ದು. ಹೋದ ತಿಂಗಳು ನನ್ನ ಹಳೆಯ ಗೆಳೆಯ ಅಲ್ಲಿ ಹತ್ತಿದ. ಅವನಿಗೆ 71.