ನಮ್ಮ ಹಳ್ಳಿಯ ಎರಡು ಖಾಲಿ ಕುರ್ಚಿ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಮಾಡಿರುವ ಕನ್ನಡದವರಿಗೆ ಒಂದು ಮಾತು. ನಿಮ್ಮೂರಿನ ಪ್ಯಾರಿಶ್ ಕೌನ್ಸಿಲ್, ಅಂದ್ರೆ ನಮ್ಮ ಗ್ರಾಮ ಪಂಚಾಯ್ತಿಯಂಥದ್ದು, ಅದರ ಮೀಟಿಂಗಿಗೆ ಒಂದ್ಸಲ ಹೋಗಿ ಬನ್ನಿ.

ಸೋಮರ್‌ಸೆಟ್‌ನ ಈ ಹಳ್ಳಿಗೆ ಬಂದು ಮೂರು ವರ್ಷವಾದರೂ ನಾನು ಹೋಗಿರಲಿಲ್ಲ. ಪ್ಯಾರಿಶ್ ಅಂದ್ರೆ ಚರ್ಚಿನ ವಿಷಯ, ನಮಗ್ಯಾಕೆ ಅಂದುಕೊಂಡಿದ್ದೆ. ಆದರೆ ಊರಿನ ಆಡಳಿತವನ್ನು ಚರ್ಚಿನಿಂದ ಬಿಡಿಸಿ, ಜನ ಆರಿಸಿದ ಕೌನ್ಸಿಲ್‌ಗೆ ಕೊಟ್ಟಿದ್ದು 1894ರ ಕಾನೂನು. ಹೆಂಗಸರಿಗೆ ಪಾರ್ಲಿಮೆಂಟಿನ ವೋಟು ಸಿಕ್ಕಿದ್ದು 1918ರಲ್ಲಿ, ಅದಕ್ಕೂ 24 ವರ್ಷ ಮೊದಲೇ ಅವರು ಇಲ್ಲಿ ಚುನಾವಣೆಗೆ ನಿಲ್ಲಬಹುದಿತ್ತು!

ನಾನು ಮೊದಲು ಹೋಗಿದ್ದು ಒಂದು ಕಾಲುದಾರಿಯ ವಿಷಯಕ್ಕೆ. ಹೊಲದ ಬೇಲಿ ದಾಟುವ ಮರದ ಮೆಟ್ಟಿಲು ಮುರಿದಿತ್ತು. ಊರಿಂದ ಬಂದಿದ್ದ ಅತ್ತೆ ಅಲ್ಲೇ ಎಡವಿ ಮೊಣಕಾಲು ತರಚಿಕೊಂಡರು. ವಿಲೇಜ್ ಹಾಲ್‌ನಲ್ಲಿ ಕೌನ್ಸಿಲರ್‌ಗಳಿಗೆ ಏಳು ಕುರ್ಚಿ, ಕೂತವರು ಐವರು. ಅವರಿಗೆ ಸಂಬಳ ಇಲ್ಲ, ಕ್ಲರ್ಕ್‌ಗೆ ಮಾತ್ರ. ಶುರುವಿನಲ್ಲೇ ಊರಿನವರಿಗೆ ಮಾತಾಡಲು ಬಿಟ್ಟರು. ನೀನ್ಯಾರು, ಎಲ್ಲಿಂದ ಬಂದೆ ಅಂತ ಯಾರೂ ಕೇಳಲಿಲ್ಲ. ಅದನ್ನು ಸರಿ ಮಾಡಿಸಬೇಕಾದ್ದು ಜಮೀನಿನವರು, ನಾನು ಅವರಿಗೆ ಬರೆಯುತ್ತೇನೆ ಅಂದರು ಕ್ಲರ್ಕ್. ಎರಡು ತಿಂಗಳಲ್ಲಿ ಅಲ್ಲಿ ಹೊಸ ಗೇಟು ಬಂತು.

ಅಧಿಕಾರ ಚಿಕ್ಕದು, ನಿಜ. ಬಸ್ ಶೆಲ್ಟರ್, ಬೆಂಚು, ಮಕ್ಕಳ ಆಟದ ಜಾಗ, ಸ್ಮಶಾನ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ, ಇಂಥವು. ಹೊಸ ಮನೆಗಳ ಅರ್ಜಿ ಬಂದರೆ ಅಭಿಪ್ರಾಯ ಹೇಳಬಹುದು ಅಷ್ಟೇ, ತೀರ್ಮಾನ ಮೇಲಿನವರದು. ಆದರೆ 2023ರ ಏಪ್ರಿಲ್‌ನಲ್ಲಿ ಇಲ್ಲಿನ ಕೌಂಟಿ ಕೌನ್ಸಿಲ್ ಮತ್ತು ನಾಲ್ಕು ಜಿಲ್ಲಾ ಕೌನ್ಸಿಲ್‌ಗಳು ಸೇರಿ ಒಂದೇ ಆದವು, ಆ ನವೆಂಬರ್‌ನಲ್ಲೇ ಆ ಹೊಸ ಕೌನ್ಸಿಲ್ ಹಣಕಾಸಿನ ತುರ್ತು ಪರಿಸ್ಥಿತಿ ಘೋಷಿಸಿತು. ಈಗ ನಡೆದುಕೊಂಡು ಹೋಗಿ ಕೇಳುವಷ್ಟು ಹತ್ತಿರ ಉಳಿದಿರುವುದು ಪ್ಯಾರಿಶ್ ಒಂದೇ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ತೆಗೆದು ನೋಡಿ, ಪ್ಯಾರಿಶ್‌ನ ಪಾಲು ಬೇರೆಯೇ ಬರೆದಿರುತ್ತದೆ, ಅದಕ್ಕೆ ಪ್ರಿಸೆಪ್ಟ್ ಅಂತಾರೆ. ದುಡ್ಡು ನಾವೂ ಕೊಡುತ್ತಿದ್ದೇವೆ ಅಲ್ವಾ?

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನಮಗೆ ವೋಟಿದೆ, ನಾವು ಕಾಮನ್‌ವೆಲ್ತ್‌ನವರು. ವೀಸಾ ಮೇಲೆ ಇರುವವರೂ ಪಟ್ಟಿಗೆ ಹೆಸರು ಸೇರಿಸಬಹುದು. ಕೌನ್ಸಿಲರ್ ಆಗಲು ಮಾತ್ರ ಐಎಲ್‌ಆರ್, ಅಂದ್ರೆ ಕಾಲಮಿತಿ ಇಲ್ಲದೆ ಇಲ್ಲೇ ಇರಲು ಅನುಮತಿ, ಬೇಕು. ಎಷ್ಟೋ ಹಳ್ಳಿಗಳಲ್ಲಿ ನಿಲ್ಲುವವರೇ ಇರುವುದಿಲ್ಲ, ಆಗ ಕೌನ್ಸಿಲ್‌ನವರೇ ಆಸಕ್ತರನ್ನು ಕರೆದು ಸೇರಿಸಿಕೊಳ್ಳುತ್ತಾರೆ.

ಮಾರ್ಚ್ 1ರಿಂದ ಜೂನ್ 1ರ ಒಳಗೆ ವರ್ಷಕ್ಕೊಮ್ಮೆ ಇಡೀ ಊರಿನ ಸಭೆ ನಡೆಯಲೇಬೇಕು. ಸಂಜೆ ಆರಕ್ಕೆ ಮುಂಚೆ ಶುರು ಮಾಡುವಂತಿಲ್ಲ, ಹಾಗಾಗಿ ಕೆಲಸ ಮುಗಿಸಿಯೇ ಹೋಗಬಹುದು.

ನಮ್ಮೂರಿನ ಆ ಎರಡು ಕುರ್ಚಿ ಇನ್ನೂ ಖಾಲಿ ಇವೆ. ಒಂದಕ್ಕೆ ನಾನು ಈ ವಾರ ಅರ್ಜಿ ಕೊಟ್ಟೆ.