ಸಮುದ್ರಕ್ಕ ಬೆನ್ನು, ಸೂರ್ಯಗ ನಮಸ್ಕಾರ

ಹುಬ್ಬಳ್ಳಿ ಮಂದಿಗೆ ಸಮುದ್ರ ಮೂರು-ನಾಲ್ಕು ತಾಸಿನ ದಾರಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಎಡಕ್ಕೆ ಗೋಕರ್ಣ, ಬಲಕ್ಕೆ ಕಾರವಾರ. ಕಾರಿನ ಡಿಕ್ಕಿಯಲ್ಲಿ ಮೊದಲು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿ ಸುರುಳಿ ಸುತ್ತಿದ ಯೋಗ ಮ್ಯಾಟೂ ಮಲಗಿರುತ್ತದೆ.

ಆ ಮ್ಯಾಟ್ ಮನೆಯಲ್ಲೇ ಇರಲಿ. ಒದ್ದೆ ರಬ್ಬರಿಗೆ ಉಸುಕು ಅಂಟಿದರೆ ಅದು ಪಾಲಿಶ್ ಪೇಪರ್ ಆಗಿ ಮೊಣಕೈ ಕೆರೆಯುತ್ತದೆ. ಮನೆಯ ಅಟ್ಟದ ಮೇಲಿನ ಹಳೇ ಕುರಿಕಂಬಳಿಯೇ ಮೇಲು: ತೇವವನ್ನು ಬೇಗ ಮೈಗೆ ತಾಗಗೊಡುವುದಿಲ್ಲ, ಎರಡು ಸಲ ಝಾಡಿಸಿದರೆ ಉಸುಕು ಉದುರುತ್ತದೆ. ನವಲಗುಂದದ ಜಮಖಾನೆ ಒಯ್ಯುವ ಧೈರ್ಯ ಮಾಡಬೇಡಿ. ಅದರ ನೇಯ್ಗೆಯೊಳಗೆ ಹೊಕ್ಕ ಉಸುಕು ಹೊರಗೆ ಬರುವುದಿಲ್ಲ, ಮನೆಯ ಹಿರಿಯರ ಸಿಟ್ಟೂ ಬೇಗ ಇಳಿಯುವುದಿಲ್ಲ.

ಮೊದಲ ಮುಂಜಾನೆಯೇ ಒಂದು ಪೇಚು ಎದುರಾಗುತ್ತದೆ. ನಮ್ಮದು ಪಡುವಣ ಕರಾವಳಿ. ಸೂರ್ಯ ಮೂಡುವುದು ನೆಲದ ಕಡೆ, ಮುಳುಗುವುದು ನೀರಿನಲ್ಲಿ. ಸೂರ್ಯ ನಮಸ್ಕಾರಕ್ಕೆಂದು ಮೂಡಣಕ್ಕೆ ಮುಖ ಮಾಡಿ ನಿಂತರೆ ಸಮುದ್ರ ಬೆನ್ನಿಗೆ ಬೀಳುತ್ತದೆ. "ಯಾಕ್ರೀ, ಇಷ್ಟ್ ದೂರ ಬಂದು ಗುಡ್ಡಾ ನೋಡ್ಕೋತ ನಿಂತೀರಲ್ಲ?" ಎಂದು ಜೊತೆಗಿದ್ದವರು ಕೇಳಿಯೇ ಕೇಳುತ್ತಾರೆ. ನಿಲ್ಲಬೇಕು, ಅದರಲ್ಲಿ ಲಾಭವಿದೆ. ದಂಡೆ ನೀರಿನ ಕಡೆ ಇಳಿಜಾರು. ನೆಲದ ಕಡೆ ಮುಖ ಮಾಡಿ ಬಗ್ಗಿದಾಗ ಕೈ ಏರಿನಲ್ಲಿ, ಕಾಲು ಇಳಿವಿನಲ್ಲಿ ಇರುತ್ತವೆ. ಮೈಭಾರ ಕಾಲಿಗೆ ಸರಿದು ಮಣಿಕಟ್ಟು ಹಗುರಾಗುತ್ತದೆ, ಮೀನಖಂಡ ಚೆನ್ನಾಗಿ ಎಳೆಯುತ್ತದೆ. ಫೋಟೋ ಚಂದ ಬರಲೆಂದು ನೀರಿಗೆ ಪಕ್ಕ ಮಾಡಿ ನಿಂತವರಿಗೆ ಒಂದು ಕಾಲು ಎತ್ತರ, ಒಂದು ಕಾಲು ತಗ್ಗು. ಸೊಂಟ ವಾಲಿ, ಸಂಜೆಗೆ ನಡ ಹಿಡಿಯುತ್ತದೆ. ಆದರೆ ಬೆನ್ನ ಹಿಂದಿನ ತೆರೆ ಕಾಣುವುದಿಲ್ಲವಲ್ಲ! ತೆರೆ ನೊರೆ ಬಿಟ್ಟುಹೋದ ಗೆರೆಯಿಂದ ಹತ್ತು ಹೆಜ್ಜೆ ಮೇಲಿರಿ.

ಜಾಗ ಆರಿಸಲು ಹಿಮ್ಮಡಿಯೇ ಅಳತೆಗೋಲು. ಊರಿ ನೋಡಿ. ಒಂದು ಬೆರಳಿನಷ್ಟು ಇಳಿದು ನಿಂತರೆ ನೆಲ ಸರಿಯಿದೆ. ಪಾದವೇ ಮುಚ್ಚಿದರೆ ಮೇಲಿನ ಒಣ ಉಸುಕು, ಹೆಜ್ಜೆಯೊಳಗೆ ನೀರು ಒಸರಿದರೆ ತೀರ ಕೆಳಗೆ ಬಂದಿದ್ದೀರಿ. ಗಟ್ಟಿ ನೆಲದ ಪಟ್ಟಿ ಅಗಲವಾಗುವುದು ಇಳಿತದಲ್ಲಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆ ಆರಕ್ಕೆ ಸಿಕ್ಕ ಜಾಗ ಇನ್ನು ನಾಲ್ಕು ದಿನಕ್ಕೆ ಅದೇ ಹೊತ್ತಿನಲ್ಲಿ ನೀರಿನೊಳಗಿರಬಹುದು. ಅಮಾವಾಸ್ಯೆ-ಹುಣ್ಣಿಮೆಗೆ ಏರಿಳಿತ ಜೋರು. ಪಂಚಾಂಗ ನೋಡಿ ಹೊರಡುವ ಅಜ್ಜಿ ಇಲ್ಲಿ ಉಪಯೋಗಕ್ಕೆ ಬರುತ್ತಾರೆ.

ಉಸುಕಿನ ನಿಜವಾದ ಗುಣ ಬೇರೆಯೇ ಇದೆ, ಅದನ್ನು ಯಾರೂ ಹೊಗಳುವುದಿಲ್ಲ: ಹೇಳಿದ ಆಕಾರಕ್ಕೆ ಬರುತ್ತದೆ. ಮನೆಯ ಕಡಪಾ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮೊಣಕಾಲು ಮೇಲೇಳುವವರು ನಾಲ್ಕಾರು ಅಂಗುಲ ಉಸುಕು ಗುಡ್ಡೆ ಮಾಡಿ, ಅಂಗೈಯಿಂದ ಬಡಿದು, ಕಂಬಳಿ ಹಾಸಿ ಅದರ ಅಂಚಿನ ಮೇಲೆ ಕೂಡಲಿ. ಪೃಷ್ಠ ಮೇಲಾಗಿ ಮೊಣಕಾಲು ತಾನೇ ಇಳಿಯುತ್ತದೆ, ಬೆನ್ನು ಬಡಿಗೆಯಂತೆ ನೆಟ್ಟಗಾಗುತ್ತದೆ. ಶವಾಸನಕ್ಕೆ ತಲೆ ನೆಲದ ಕಡೆ, ಕಾಲು ನೀರಿನ ಕಡೆ. ಮೊಣಕಾಲ ಕೆಳಗೊಂದು ದಿಬ್ಬ, ಸೊಂಟಕ್ಕೊಂದು ತಗ್ಗು, ಕತ್ತಿಗೆ ಎರಡು ಬೆರಳಿನ ಏರು. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ದಿಂಬು, ಇಟ್ಟಿಗೆಗಳೆಲ್ಲ ಇಲ್ಲಿ ಬೊಗಸೆಯಲ್ಲಿ ಸಿಗುತ್ತವೆ. ಏಡಿಯ ತೂತು ನೋಡಿಕೊಂಡು ತೋಡಬೇಕು, ಅಷ್ಟೇ. ಬಾಯಿಯ ಸುತ್ತ ಕಡಲೆಕಾಳಿನಷ್ಟು ಉಸುಕಿನ ಉಂಡೆಗಳನ್ನು ಒಪ್ಪವಾಗಿ ಚೆಲ್ಲಿದ್ದರೆ ಒಳಗೆ ಯಜಮಾನ ಇದ್ದಾನೆ ಎಂದು ಅರ್ಥ.

ಅದೇ ಉಸುಕು ಕೈಕೊಡುವುದೂ ಉಂಟು. ದಂಡ ಹೊಡೆಯುವಾಗ ಅಂಗೈಯ ಬುಡ ಒಳಗಿಳಿಯುತ್ತದೆ, ಬೆರಳು ಮೇಲೇ ಉಳಿಯುತ್ತವೆ. ಮಣಿಕಟ್ಟು ಬೇಕಾದುದಕ್ಕಿಂತ ಹೆಚ್ಚು ಮಡಚಿ ನೋಯುತ್ತದೆ. ಮೊದಲೇ ಮುಷ್ಟಿಯಿಂದ ಬಡಿದು ಗಟ್ಟಿ ಮಾಡಿ, ಅಂಗೈಯ ಬುಡಕ್ಕೆ ಬೆರಳು ದಪ್ಪದ ಒಡ್ಡು ಹಾಕಿಕೊಂಡರೆ ಸರಿ. ಕಾಲು ಹಿಂದಕ್ಕೆ ಹಾರಿಸಬೇಡಿ, ಒಂದೊಂದಾಗಿ ಇಡಿ. ಶೀರ್ಷಾಸನ ಪೂರ್ತಿ ಬಿಡಿ: ಒಂದು ಕಡೆ ಕುಸಿದರೆ ಭಾರವೆಲ್ಲ ಕತ್ತಿಗೆ. ಪಾದ ಉಳುಕಿದವರಿಗೆ, ಹಿಮ್ಮಡಿ ನೋವಿನವರಿಗೆ ಒಣ ಉಸುಕು ಬೇಡವೇ ಬೇಡ.

ಒಂಟಿಗಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಸಮುದ್ರಕ್ಕೆ ಮುಖ ಮಾಡಬಹುದು. ಕಣ್ಣು ಮಾತ್ರ ತೆರೆಯ ಮೇಲಲ್ಲ, ನೀರು-ಆಕಾಶ ಕೂಡುವ ಗೆರೆಯ ಮೇಲಿರಲಿ. ಓಡುವ ತೆರೆ ನೋಡಿದವರು ಅದರ ಜೊತೆಗೇ ವಾಲುತ್ತಾರೆ. ಉಸುಕು ಕದಲಿದಂತೆಲ್ಲ ಹೆಬ್ಬೆರಳು ಕವುಚುತ್ತದೆ, ಪಾದದ ಕಮಾನು ಬಿಗಿಯುತ್ತದೆ. ದಿನವಿಡೀ ಬೂಟಿನೊಳಗೆ ಮಲಗಿದ್ದ ಸಣ್ಣ ಸ್ನಾಯುಗಳಿಗೆಲ್ಲ ಕೆಲಸ ಬರುತ್ತದೆ. ಒಂದು ನಿಮಿಷ ನಿಲ್ಲುತ್ತಿದ್ದವರು ಇಲ್ಲಿ 20 ಸೆಕೆಂಡು ನಿಂತರೂ ಸಾಕು. ಮನೆಯಲ್ಲೂ ಹೀಗೇ ಮಾಡೋಣವೆಂದು ಕಟ್ಟಡದ ಎಂ-ಸ್ಯಾಂಡ್ ಹಾಸಬೇಡಿ. ಅದು ಯಂತ್ರದಲ್ಲಿ ಒಡೆದ ಕಲ್ಲು, ಅದರ ಮೂಲೆಗಳು ಅಂಗಾಲಿಗೆ ಚುಚ್ಚುತ್ತವೆ. ಅದಕ್ಕಿಂತ ಗರಡಿಮನೆಯ ಕೆಂಪು ಮಣ್ಣು ವಾಸಿ.

ಸಮುದ್ರದ ಗಾಳಿಗೆ ಎಲ್ಲ ರೋಗವೂ ಹೋಗುತ್ತದೆ ಎನ್ನುವವರನ್ನು ಹಾಗೇ ಬಿಡೋಣ. ಉಸಿರಿಗೆ ಮಾತ್ರ ಅಲ್ಲಿ ಒಬ್ಬ ಒಳ್ಳೆಯ ತಾಳದವನಿದ್ದಾನೆ. ಶಾಂತ ದಿನ ತೆರೆ ಬಂದು ಹೋಗಲು ಹತ್ತು ಸೆಕೆಂಡಿನ ಆಸುಪಾಸು: ಬರುವಾಗ ಒಳಗೆ, ಸರಿಯುವಾಗ ಹೊರಗೆ. ನಿಮಿಷಕ್ಕೆ ಆರರಂತೆ ಉಸಿರಾಡಿದರೆ ಎದೆಬಡಿತ ತಣ್ಣಗಾಗುತ್ತದೆ, ಎಣಿಸುವ ಕಾಟವೂ ಇಲ್ಲ. ತಾಳ ತಪ್ಪಿದ ತೆರೆಯ ಬೆನ್ನು ಹತ್ತಿ ಉಸಿರು ಕಟ್ಟಬೇಡಿ. ಬೀಸುಗಾಳಿಯಲ್ಲಿ, ತಿದಿಯಂತೆ ರಭಸದಿಂದ ಉಸಿರೆಳೆದು ಬಿಡುವ ಭಸ್ತ್ರಿಕಾ ಮಾಡಿದರೆ ಮೂಗಿಗೆ ಉಸುಕೇ ಪ್ರಸಾದ. ಸಂಜೆ ಗಾಳಿ ಸಮುದ್ರದಿಂದ ಜೋರಾಗಿ ಬರುವುದರಿಂದ ಪ್ರಾಣಾಯಾಮಕ್ಕೆ ಬೆಳಗೇ ಒಳ್ಳೆಯದು. ಗೋಕರ್ಣದ ಕುಡ್ಲೆ ದಂಡೆಯಂಥ ಕಡೆ ಹಿಂದಿನ ಗುಡ್ಡದ ನೆರಳೂ ಬೆಳಗಿನ ಹೊತ್ತು ಇರುತ್ತದೆ.

ಧಾರವಾಡದ ಒಣಗಾಳಿಯಲ್ಲಿ ಬೆವರು ಬಂದದ್ದೂ ಆರಿದ್ದೂ ತಿಳಿಯುವುದಿಲ್ಲ. ಕರಾವಳಿಯಲ್ಲಿ ಅದು ಮೈಮೇಲೇ ಕೂಡುತ್ತದೆ, ಒಳಗಿನ ಕಾವು ಇಳಿಯುವುದಿಲ್ಲ. ಊರಲ್ಲಿ ಹನ್ನೆರಡು ಸೂರ್ಯ ನಮಸ್ಕಾರ ಹಾಕುವವರು ದಂಡೆಯಲ್ಲಿ ಆರಕ್ಕೆ ನಿಲ್ಲಿಸಿ ನೀರು ಕುಡಿಯಲಿ. ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ. ಜೂನ್ 21ರ ಯೋಗ ದಿನಕ್ಕೇ ದಂಡೆಗೆ ಹೋಗಬೇಕೆಂಬ ಹಟ ಬೇಡ. ಆಗ ಮುಂಗಾರಿನ ಕಡಲು ಯಾರಿಗೂ ಆಸನ ಹಾಕಗೊಡುವುದಿಲ್ಲ.

ಮುಗಿದ ಮೇಲೆ ಒದ್ದೆ ಉಸುಕನ್ನು ತಿಕ್ಕಿ ತೆಗೆಯಲು ಹೋಗಬೇಡಿ, ಚರ್ಮ ಕೆಂಪಾಗುತ್ತದೆ. ಒಣಗಲಿ, ತಾನೇ ಉದುರುತ್ತದೆ. ಪೂರ್ತಿ ಅಲ್ಲ: ವಾರದ ಮೇಲೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿನ್ನುತ್ತ ಪೈಜಾಮದ ಮಡಿಕೆ ಬಿಡಿಸಿದರೆ, ಚುರುಮುರಿಯ ಪಕ್ಕಕ್ಕೆ ಒಂದು ಚಿಟಿಕೆ ಗೋಕರ್ಣವೂ ಬೀಳುತ್ತದೆ.