ಬರೀ ಹಂಡೆಗೆ ಉರಿ ಹಾಕ್ಬ್ಯಾಡ

ನಮ್ಮ ಮಂಡ್ಯ, ಮೈಸೂರು ಕಡೆಯ ಅಜ್ಜಿ-ತಾತಂದಿರ ಅಭ್ಯಾಸಗಳ ಮಾತು ಬಂದರೆ ಜನ ಎರಡೇ ದಾರಿ ಹಿಡಿಯುತ್ತಾರೆ. ಕೆಲವರು ಬಿದ್ದೂ ಬಿದ್ದೂ ನಗುತ್ತಾರೆ. ಉಳಿದವರು "ಅದರೊಳಗೆ ಎಷ್ಟು ವಿಜ್ಞಾನ ಇದೆ ಗೊತ್ತಾ" ಅಂತ ಕೈಮುಗಿಯುತ್ತಾರೆ. ನನಗೆ ಎರಡೂ ಸೋಮಾರಿ ಮಾತು ಅನ್ನಿಸುತ್ತೆ. ಒಂದೊಂದು ಅಭ್ಯಾಸವೂ ಯಾವುದೋ ಒಂದು ಪಾತ್ರೆಗೋ, ಒಲೆಗೋ, ಗುಂಡಿಗೋ ಅಂಟಿಕೊಂಡು ಹುಟ್ಟಿದ್ದು. ಪಾತ್ರೆ ಹೋಯಿತು, ಅಭ್ಯಾಸ ಉಳಿಯಿತು. ಹಾಗೆ ಉಳಿದದ್ದರಲ್ಲಿ ಕೆಲವು ಇವತ್ತಿಗೂ ಕೆಲಸಕ್ಕೆ ಬರುತ್ತವೆ, ಕೆಲವು ಸುಮ್ಮನೆ ಬಂದಿವೆ, ಒಂದೆರಡು ಪ್ರಾಣಕ್ಕೇ ಅಪಾಯ. ಯಾವುದು ಎಲ್ಲಿಂದ ಬಂತು ಅಂತ ತಿಳಿಯದೆ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಹೇಳೋದು ಹೇಗೆ?

ಬಚ್ಚಲ ಹಂಡೆಯಿಂದ ಶುರುಮಾಡೋಣ. "ಬರೀ ಹಂಡೆಗೆ ಉರಿ ಹಾಕ್ಬ್ಯಾಡ ಕನ್ಲಾ ಮಗ" ಅನ್ನೋ ಕೂಗು ಕೇಳದ ಮನೆ ಇರಲಿಲ್ಲ. ನೀರು ಹುಯ್ಕೊಂಡವನು ಎಷ್ಟು ಬಿಸಿನೀರು ತೋಡಿದನೋ ಅಷ್ಟು ತಣ್ಣೀರು ಹಂಡೆಗೆ ಸುರಿದೇ ಆಚೆ ಬರಬೇಕು, ಇದು ಕಟ್ಟಳೆ. ತಾಮ್ರ ಕರಗೋದು 1085 ಡಿಗ್ರಿ ಸೆಲ್ಸಿಯಸ್‌ಗೆ, ತೆಂಗಿನ ಮಟ್ಟೆಯ ಉರಿಗೆ ಹಂಡೆ ಕರಗಿ ಹೋಗಲ್ಲ. ಹೋಗೋದು ಬೆಸುಗೆ. ಒಳಗೆ ನೀರಿರೋ ತನಕ ತಳದ ಶಾಖ ನೂರು ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತೆ, ನೀರು ಮುಗಿದ ಮೇಲೆ ಅದಕ್ಕೆ ಲಗಾಮಿಲ್ಲ. ಕಾದ ಬರೀ ಹಂಡೆಗೆ ಗಾಬರಿಯಲ್ಲಿ ಒಂದು ಕೊಡ ತಣ್ಣೀರು ಸುರಿದರೆ ಇನ್ನೂ ಕೆಟ್ಟದ್ದು: ಆವಿ ಮುಖಕ್ಕೆ ಹೊಡೆಯುತ್ತೆ, ಬೆಸುಗೆ ಅಲ್ಲೇ ಬಾಯಿ ಬಿಡುತ್ತೆ. ಹಂಡೆಯನ್ನು ಒಲೆಗೆ ಮಣ್ಣು ಮೆತ್ತಿ ಕೂರಿಸಿರೋದರಿಂದ ಸೋರಿಕೆ ಬೇಗ ಕಣ್ಣಿಗೂ ಬೀಳಲ್ಲ. ಒಲೆ ಬೂದಿ ಬೆಳಿಗ್ಗೆ ಒದ್ದೆಯಾಗಿದ್ದರೆ ಆಗ ಗೊತ್ತಾಗೋದು. ದೀಪಾವಳಿಯ ನೀರು ತುಂಬೋ ಹಬ್ಬದಲ್ಲಿ ಹಂಡೆ ಬರಿದು ಮಾಡಿ, ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಕಟ್ಟಿ ಮತ್ತೆ ತುಂಬುತ್ತಿದ್ದರಲ್ಲ, ವರ್ಷಕ್ಕೊಮ್ಮೆ ಹಂಡೆಯ ತಳ ನೋಡೋ ದಿನವೂ ಅದೇ. ಬೋರ್‌ವೆಲ್ ನೀರಿನ ಮನೆಗಳಲ್ಲಿ ತಳಕ್ಕೆ ಬಿಳೀ ಪದರ ಕೂತಿರುತ್ತೆ. ಅದು ದಪ್ಪ ಆದಷ್ಟೂ ಸೌದೆ ಜಾಸ್ತಿ ಬೇಕು. ಹುಣಸೆಯ ಹುಳಿ ಆ ಪದರವನ್ನು ಕರಗಿಸುತ್ತೆ. ಹಂಡೆ ಹೋಗಿ ಬಕೆಟ್‌ಗೆ ಕಾಯಿಲ್ ಬಂದರೂ ಮಾತು ಅದೇ. ಕಾಯಿಲ್ ನೀರೊಳಗೆ ಮುಳುಗಿದ ಮೇಲೆ ಸ್ವಿಚ್ಚು, ಸ್ವಿಚ್ಚು ಆರಿಸಿ ಪ್ಲಗ್ ಕಿತ್ತ ಮೇಲೆ ನೀರಿಗೆ ಕೈ. ಈ ಅಭ್ಯಾಸವನ್ನು ಯಾರೂ ಬಿಡಬೇಡಿ.

ಸೌದೆ ಒಲೆಗೆ ಪಾತ್ರೆ ಏರಿಸೋ ಮೊದಲು ಹೊರಮೈಗೆ ನೀರಲ್ಲಿ ಕಲಸಿದ ಬೂದಿಯನ್ನೋ ಮಣ್ಣನ್ನೋ ಬಳಿಯುತ್ತಿದ್ದರು. ಮಸಿ ಪಾತ್ರೆಗೆ ಹಿಡಿಯದೆ ಆ ಬೂದಿಗೆ ಹಿಡಿಯುತ್ತೆ, ತೊಳೆಯುವಾಗ ಒಂದೇ ಉಜ್ಜಿಗೆ ಕಳಚಿ ಬೀಳುತ್ತೆ. ಗ್ಯಾಸ್ ಒಲೆಗೆ ಇದು ಬೇಡ. ಆದರೆ ಹಿತ್ತಾಳೆ ಪಾತ್ರೆಗಳು ಈಗ ಮತ್ತೆ ಫ್ಯಾಷನ್ ಆಗಿವೆ, ಸಂತೋಷ. ಅದರ ಜೊತೆ ಬರಬೇಕಾದ ಬುದ್ಧಿ ಮಾತ್ರ ಬಂದಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡಬೇಕಾದರೆ ಒಳಗೆ ಕಲಾಯಿ ಇರಲೇಬೇಕು. ಕಲಾಯಿ ಅಂದರೆ ತವರ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ದಟ್ಟ ಬಿಳಿ ಹೊಗೆ ಏಳುವಾಗ ತವರ ಮುಟ್ಟಿಸಿ ಹತ್ತಿಯಲ್ಲಿ ಸರಸರ ಒರೆಸುತ್ತಾರೆ. ತವರ ಕರಗೋದು 232 ಡಿಗ್ರಿಗೆ. ಅದಕ್ಕೇ ಕಲಾಯಿ ಪಾತ್ರೆಯನ್ನು ಬರಿದಾಗಿ ಉರಿಗಿಡಬಾರದು, ಅದರಲ್ಲಿ ಹುರಿಯಬಾರದು, ಅದರಲ್ಲೇ ಒಗ್ಗರಣೆ ಹಾಕಬಾರದು. ಸಾಸಿವೆ ಸಿಡಿಯೋಷ್ಟು ಕಾದ ಎಣ್ಣೆ ಆ ಶಾಖಕ್ಕೆ ತೀರಾ ಹತ್ತಿರ ಹೋಗುತ್ತೆ, ಮರೆತು ಒಂದು ನಿಮಿಷ ಬಿಟ್ಟರೆ ದಾಟಿಯೇ ಬಿಡುತ್ತೆ. ಒಗ್ಗರಣೆಗೆ ಅಂತಲೇ ಉದ್ದ ಹಿಡಿಯ ಕಬ್ಬಿಣದ ಸೌಟು ಒಂದು ಗೋಡೆಗೆ ತೂಗುತ್ತಿತ್ತಲ್ಲ, ಅದಕ್ಕೆ ಕಾರಣ ಇದು. ಒಳಗೆ ಹಳದಿ ಮಚ್ಚೆ ಕಂಡರೆ ಕಲಾಯಿ ಸವೆದಿದೆ ಅಂತ ಅರ್ಥ. ಆಮೇಲೆ ಅದರಲ್ಲಿ ಹುಣಸೆಹುಳಿ, ಟೊಮೆಟೊ, ಮಜ್ಜಿಗೆಹುಳಿ ಯಾವುದೂ ಕೂಡದು. ನಾಲಿಗೆಗೆ ಕಿಲುಬು ತಾಗುತ್ತೆ, ಹೊಟ್ಟೆಗೂ ಒಳ್ಳೇದಲ್ಲ. ಹೊರಗಡೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಏನಾದರೂ ಹಾಕಿ ತಿಕ್ಕಿ. ಒಳಗಡೆ ಸ್ಟೀಲ್ ನಾರು ತಗೊಂಡು ಹೋದರೆ ದುಡ್ಡು ಕೊಟ್ಟು ಹಾಕಿಸಿದ ಕಲಾಯಿ ಚರಂಡಿ ಪಾಲು.

ಇನ್ನು ಹಗೇವು. ಈಗಿನ ಮಕ್ಕಳಿಗೆ ಪದವೇ ಗೊತ್ತಿಲ್ಲ. ರಾಗಿ ತುಂಬಿಡೋಕೆ ನೆಲದಲ್ಲಿ ತೋಡಿದ ಗುಂಡಿ: ಒಬ್ಬ ಇಳಿಯೋಷ್ಟು ಮಾತ್ರ ಬಾಯಿ, ಒಳಗೆ ಹೊಟ್ಟೆ ಅಗಲ, ಸುತ್ತ ಹುಲ್ಲು, ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣು. ರಾಗಿ ಕಾಳು ಸಣ್ಣದು, ಹುಳ ಹಿಡಿಯೋದು ಕಡಿಮೆ, ಗಾಳಿ ಆಡದಿದ್ದರೆ ವರ್ಷಗಟ್ಟಲೆ ಕೆಡಲ್ಲ. ಕೆಟ್ಟರೆ ಗೋಡೆಗೆ ತಾಗಿದ ಅಂಚಿನದ್ದು ಮತ್ತು ಬಾಯಿ ಹತ್ತಿರದ್ದು, ಮಣ್ಣಿನ ತೇವಕ್ಕೆ. ಇದನ್ನು ತೆಗೆಯುವಾಗ ತಾತಂದಿರ ನಡಾವಳಿ ಪೂಜೆಯ ಹಾಗೆ ಕಾಣುತ್ತಿತ್ತು. ಕಲ್ಲು ಸರಿಸಿ ಹಾಗೇ ಬಿಡೋದು, ಗಾಳಿ ಆಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಇಳಿಬಿಡೋದು. ದೀಪ ಆರಿದರೆ ಅವತ್ತು ಯಾರೂ ಇಳಿಯೋ ಹಾಗಿಲ್ಲ. ಕೆಲವರು "ಒಳಗೆ ದೆವ್ವ ಐತೆ" ಅಂತಲೂ ಮಕ್ಕಳನ್ನು ಹೆದರಿಸುತ್ತಿದ್ದರು. ದೆವ್ವ ಅಲ್ಲ. ಕಾಳಿಗೂ ಉಸಿರಾಟ ಉಂಟು. ಮುಚ್ಚಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಉಸಿರಾಡಿ ಅದು ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸಿರುತ್ತೆ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲೇ ಕೂರುತ್ತೆ. ಇಳಿದವನಿಗೆ ಕೂಗೋಕೂ ಸಮಯ ಸಿಗಲ್ಲ. ಅವನನ್ನು ಎತ್ತೋಕೆ ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇಂಥ ಗುಂಡಿಗಳಲ್ಲಿ ಸಾವು ಒಂದಕ್ಕೆ ನಿಲ್ಲದಿರೋದು ಹೀಗೆ.

ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ದೀಪ ಆರಿದರೆ ಇಳಿಯಬಾರದು ಅನ್ನೋದು ನೂರಕ್ಕೆ ನೂರು ಸರಿ. ದೀಪ ಉರಿಯುತ್ತಿದ್ದರೆ ಇಳಿಯಬಹುದು ಅನ್ನೋದು ಅಷ್ಟು ಸರಿಯಲ್ಲ, ತಲೆ ತಿರುಗಿಸೋಷ್ಟು ಗಾಳಿ ಕೆಟ್ಟಿದ್ದರೂ ದೀಪ ಉರಿಯಬಹುದು. ಇದೇ ದೀಪದ ಉಪಾಯವನ್ನು ಶೌಚದ ಗುಂಡಿಗೋ, ಗೋಬರ್ ಗ್ಯಾಸ್ ತೊಟ್ಟಿಗೋ, ಮ್ಯಾನ್‌ಹೋಲಿಗೋ ಯಾರಾದರೂ ಹಚ್ಚಿದರೆ ಅನಾಹುತ. ಅಲ್ಲಿರೋದು ಮೀಥೇನ್, ಬೆಂಕಿ ಕಂಡರೆ ಹೊತ್ತಿ ಸಿಡಿಯುತ್ತೆ. ಅಲ್ಲಿಗೆ ದೀಪವೂ ಬೇಡ, ಮನುಷ್ಯನೂ ಇಳಿಯೋದು ಬೇಡ, ಯಂತ್ರದ ಗಾಡಿ ಕರೆಸಿ. "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅನ್ನೋರು ಇದನ್ನು ಎರಡು ಸಲ ಓದಲಿ. ಅವರಿಗೆ ರಾಗಿ ಗುಂಡಿ ಗೊತ್ತಿತ್ತು, ಅಷ್ಟೇ.

ಅಡುಗೆ ಮನೆಗೆ ಬಂದರೆ, ಬೇಳೆ ಬೇಯೋ ತನಕ ಉಪ್ಪು-ಹುಳಿ ಸೋಕಿಸಬಾರದು ಅನ್ನೋ ಹಟ. ಅರ್ಧ ನಿಜ. ಹುಣಸೆ ರಸ, ಟೊಮೆಟೊ ಬಿದ್ದರೆ ತೊಗರಿಬೇಳೆ ಮೆತ್ತಗಾಗೋದು ನಿಜವಾಗಲೂ ತಡೆಯುತ್ತೆ, ಹುಳಿ ಇರೋ ಕಡೆ ಕಾಳಿನ ಜೀವಕೋಶಗಳ ನಡುವಿನ ಅಂಟು ಬಿಡಲ್ಲ. ಉಪ್ಪಿನ ಮೇಲೆ ಹೊರಿಸಿದ್ದು ಸುಳ್ಳು ಆಪಾದನೆ. ನಿಜವಾದ ಕಳ್ಳ ಗಡಸು ನೀರು, ಅದರೊಳಗಿನ ಕ್ಯಾಲ್ಸಿಯಂ. ಕೆಲವು ಮನೆಗಳಲ್ಲಿ ಬೋರ್‌ವೆಲ್ ನೀರು ಬಳಸೋಕೆ, ಹೊಳೆ ನೀರು ಬೇಳೆಗೆ ಅಂತ ಎರಡು ಕೊಡ ಬೇರೆ ಬೇರೆ ಇಡುತ್ತಿದ್ದದ್ದು ಮಡಿಗಷ್ಟೇ ಅಲ್ಲ. ಒಂದು ಹನಿ ಎಣ್ಣೆ ಹಾಕೋದು ನೊರೆ ಉಕ್ಕದಿರಲಿ ಅಂತ, ಕುಕ್ಕರಿನಲ್ಲೂ ಹಾಕಿ, ಸೀಟಿ ಬಾಯಿಂದ ಹಳದಿ ನೀರು ಚಿಮ್ಮಲ್ಲ.

ಮೈಸೂರಿನ ಹಳೇ ಬಡಾವಣೆಗಳಲ್ಲಿ ಕಾಫಿ ಫಿಲ್ಟರಿನ ಸುತ್ತ ಇದ್ದಷ್ಟು ಶಾಸ್ತ್ರ ದೇವರ ಮನೆಯಲ್ಲೂ ಇರಲಿಲ್ಲ. ಮೂವರಿಗೆ ನಾಲ್ಕು ಚಮಚ ಗೋಪುರವಾಗಿ ಪುಡಿ, ಮುಕ್ಕಾಲು ಲೋಟ ಕುದಿನೀರು. ಪುಡಿಯನ್ನು ಒತ್ತುಬಿಲ್ಲೆಯಿಂದ ಸಮ ಮಾಡಬೇಕು, ಜಡಿಯಬಾರದು. ನೀರು ಒಂದೇ ಕಡೆ ಸುರಿದರೆ ಅಲ್ಲಿ ಗುಳಿ ಬಿದ್ದು, ನೀರೆಲ್ಲಾ ಅದರೊಳಗೇ ಇಳಿದು, ಡಿಕಾಕ್ಷನ್ ತೆಳ್ಳಗಾಗುತ್ತೆ. ಇಳಿಯದೆ ನಿಂತುಬಿಟ್ಟರೆ ದೊಡ್ಡಮ್ಮಂದಿರು ಫಿಲ್ಟರಿನ ತಲೆಗೆ ಟಕ್ ಟಕ್ ಅಂತ ಬಾರಿಸುತ್ತಿದ್ದರು. ಅದು ಕೆಲಸ ಮಾಡೋದು ಯಾಕೆಂದರೆ, ಮೇಲಿನ ಭಾಗ ಕೆಳಗಿನದಕ್ಕೆ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಆಚೆ ಹೋಗೋಕೆ ದಾರಿ ಇರಲ್ಲ. ಬಾರಿಸಿದಾಗ ಕೂಡು ಸಡಿಲ ಆಗುತ್ತೆ. ಬಾರಿಸೋ ಬದಲು ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಮತ್ತೆ ಕೂರಿಸಿ, ಸಾಕು. ಆಗಲೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲಾ ಚಿಕೋರಿ ಜಾಸ್ತಿ, ಅದು ನೀರು ಕುಡಿದು ಉಬ್ಬುತ್ತೆ. ರಂಧ್ರ ಕಟ್ಟಿಕೊಂಡಾಗ ಫಿಲ್ಟರನ್ನು ಬೆಂಕಿ ಮೇಲೆ ಹಿಡಿದು ಸುಡೋದು ಹಿತ್ತಾಳೆ ಫಿಲ್ಟರಿಗೆ ನಡೆಯುತ್ತಿತ್ತು. ಈಗಿನ ತೆಳ್ಳನೆ ಸ್ಟೀಲ್ ಸೊಟ್ಟಗಾಗುತ್ತೆ, ಆಮೇಲೆ ಒಂದಕ್ಕೊಂದು ಕೂರಲ್ಲ. ರಾತ್ರಿ ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ.

ರೇಷ್ಮೆ ಸೀರೆ ವಿಷಯದಲ್ಲಿ ಅಜ್ಜಿಯರ ಮಾತು ಪೂರ್ತಿ ಕೇಳಬಹುದು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾದದ್ದು, ಅಲ್ಲಿನ ಜರಿ ಅಂದರೆ ಬೆಳ್ಳಿ ಎಳೆಗೆ ಚಿನ್ನದ ಲೇಪ. ಹಳೇ ಬಿಳಿ ಪಂಚೆಯಲ್ಲಿ ಸುತ್ತಬೇಕು, ಪ್ಲಾಸ್ಟಿಕ್ ಕವರಿನಲ್ಲಲ್ಲ, ಒಳಗೆ ಬೆವರು ನಿಂತು ಬೆಳ್ಳಿ ಕಪ್ಪಾಗುತ್ತೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಸೀಳುತ್ತೆ. ನುಸಿಗುಳಿಗೆ ಜರಿಗೆ ತಾಗಬಾರದು. ಗಾಳಿಗೆ ಹರವೋದು ನೆರಳಲ್ಲಿ. ಮೈಸೂರು ಸ್ಯಾಂಡಲ್ ಸೋಪಿನ ಕಾಗದ ಸೀರೆ ನಡುವೆ ಇಡೋ ಚಾಳಿ ಮಾತ್ರ ಸ್ವಲ್ಪ ತಿದ್ದಿಕೊಳ್ಳಿ. ಪರಿಮಳ ಬೇಕಾದರೆ ಬೀರುವಿನ ಮೂಲೆಯಲ್ಲಿ ಇಡಿ, ಬಟ್ಟೆಗೆ ತಾಗಿ ಇಟ್ಟರೆ ಎಣ್ಣೆ ಕಲೆ ಹೋಗಲ್ಲ.

ಪೇಪರ್ ಬಂದ ಕೂಡಲೇ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ನೀರಿನ ಮಟ್ಟ ನೋಡೋದು, ಆಮೇಲೆ ಉಳಿದ ಸುದ್ದಿ. ಇದಕ್ಕೆ ನಗೋರು ಪಾಪ, ಬೇರೆ ಊರಿನವರೇ ಇರಬೇಕು. ತುಂಬಿದ ಮಟ್ಟ 124.80 ಅಡಿ, ಆಗ ಒಳಗೆ ಇರೋದು 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ತಾತಂದಿರು ಮಟ್ಟಕ್ಕೆ ನಿಲ್ಲದೆ ಒಳಹರಿವು, ಹೊರಹರಿವು ಎರಡನ್ನೂ ಕಳೆದು ನೋಡುತ್ತಿದ್ದರು. ಲೆಕ್ಕ ಸುಲಭ: ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಹತ್ತು ದಿನದ ಪೇಪರ್ ಇದ್ದರೆ ನಾಲೆಗೆ ನೀರು ಬಿಟ್ಟಾರೋ ಇಲ್ಲವೋ ಅಂತ ಜಗಲಿ ಮೇಲೆ ಕೂತೇ ಅಂದಾಜು ಸಿಗುತ್ತೆ, ಭತ್ತದ ಒಟ್ಲು (ಸಸಿಮಡಿ) ಹಾಕೋದೋ ರಾಗಿಗೆ ಹೋಗೋದೋ ಅಂತ ತೀರ್ಮಾನಿಸಬಹುದು. ಒಂದು ಎಚ್ಚರ ಇದೆ. ಮೇಲಿನ ಒಂದು ಅಡಿಯಲ್ಲಿ ನಿಲ್ಲೋ ನೀರು ತಳದ ಒಂದು ಅಡಿಗಿಂತ ಬಹಳ ಜಾಸ್ತಿ, ಕಟ್ಟೆ ಮೇಲಕ್ಕೆ ಹೋದಂತೆ ಅಗಲ ಆಗುತ್ತೆ. ಅಡಿ ಲೆಕ್ಕದಲ್ಲಿ ಮುಕ್ಕಾಲು ತುಂಬಿದೆ ಅಂದರೆ ನೀರು ಮುಕ್ಕಾಲು ಇದೆ ಅಂತಲ್ಲ. ಮೈಸೂರಿನ ನಲ್ಲಿಗೆ ಬೆಳಗೊಳ, ಹೊಂಗಳ್ಳಿಯಿಂದ ಬರೋದೂ ಇದೇ ಕಾವೇರಿಯೇ ಆದ್ದರಿಂದ ಪಟ್ಟಣದವರೂ ಈ ಅಂಕಿ ನೋಡಿದರೆ ನಷ್ಟವಿಲ್ಲ.

ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಉಗುರು ಕತ್ತರಿಸಬಾರದು, ಹೆಪ್ಪು ಕೊಡಬಾರದು. ಮೊದಲ ಎರಡು ಬುಡ್ಡಿದೀಪದ ಕಾಲದ್ದು, ಮೂಗುತಿ ತಿರುಪು ಕಸದಲ್ಲಿ ಹೋದೀತು ಅನ್ನೋ ಭಯ. ಟ್ಯೂಬ್‌ಲೈಟ್ ಕೆಳಗೆ ಗುಡಿಸಿ, ಏನೂ ಆಗಲ್ಲ. ಮೂರನೆಯದಕ್ಕೆ ನಾನು ಕಾರಣ ಹುಡುಕಿಕೊಡಲ್ಲ, ಎಲ್ಲಕ್ಕೂ ಕಾರಣ ಇರಬೇಕಾಗಿಲ್ಲ. ಮುಟ್ಟಾದವರನ್ನು ಆಚೆ ಕೂರಿಸೋದಕ್ಕೆ "ವಿಶ್ರಾಂತಿ ಸಿಗಲಿ ಅಂತ" ಅನ್ನೋ ಕಾರಣ ಕಟ್ಟೋರನ್ನು ಕಂಡರೆ ಸಿಟ್ಟು ಬರುತ್ತೆ. ಅದೇ ಹೆಂಗಸು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಳು, ವಿಶ್ರಾಂತಿ ಎಲ್ಲಿಂದ ಬಂತು?

ಕೂಡಲೇ ನಿಲ್ಲಿಸಬೇಕಾದ್ದು ಬಿಸ್ಕತ್ತಿನ ಡಬ್ಬದ ಮಾತ್ರೆ. ಸ್ಟ್ರಿಪ್ಪನ್ನು ಕತ್ತರಿಸಿ ಇಟ್ಟಿರುತ್ತಾರೆ, ಅವಧಿ ಮುಗಿಯೋ ತಾರೀಖು ಇರೋ ತುಂಡು ಎಂದೋ ಕಸಕ್ಕೆ ಹೋಗಿರುತ್ತೆ. ಜ್ವರ ಇಳಿಯಿತು ಅಂತ ಅರ್ಧಕ್ಕೆ ಬಿಟ್ಟ ಆ್ಯಂಟಿಬಯಾಟಿಕ್ ಮುಂದಿನ ವರ್ಷ ಮೊಮ್ಮಗಳ ನೆಗಡಿಗೆ ಬರುತ್ತೆ. ಡಬ್ಬ ತೆಗೆದು ಇವತ್ತೇ ಖಾಲಿ ಮಾಡಿ. ಕರಿದು ಕಪ್ಪಾದ ಎಣ್ಣೆಯನ್ನು ಸೋಸಿ ಸೋಸಿ ಇಟ್ಟುಕೊಳ್ಳೋದೂ ಇದೇ ಜಾತಿ. ಹೊಗೆ ಬೇಗ ಬಂದರೆ, ಕೈಗೆ ಜಿಗುಟಾದರೆ ಆ ಎಣ್ಣೆಯ ಆಯುಸ್ಸು ಮುಗಿದಿದೆ.

ಹಾಲಿನ ಕವರ್ ತೊಳೆದು ನಲ್ಲಿಯ ತಲೆಗೆ ನೇತುಹಾಕೋದಕ್ಕೆ ಮಾತ್ರ ನನ್ನ ಪೂರ್ತಿ ವೋಟು. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಆ ಚೂರು ಕವರಿಗೇ ಅಂಟಿಕೊಂಡಿರೋ ಹಾಗೆ ಸೀಳಿ. ಬಿಡಿ ಚೂರು ಯಾರ ಕೈಗೂ ಸಿಗದೆ ನೇರ ಮೋರಿಗೆ ಹೋಗುತ್ತೆ. ಕೊನೆಯ ಹನಿ ಹಾಲು ಹೋಗೋ ಹಾಗೆ ಎರಡು ಸಲ ಜಾಲಿಸಿ ಒಣಗಿಸಿದರೆ ವಾಸನೆ ಬರಲ್ಲ, ಗುಜರಿಯವನೂ ತೂಕಕ್ಕೆ ತಗೋತಾನೆ. ಬಾಗಿಲ ಹಿಡಿಗೆ ಸಿಕ್ಕಿಸಿಟ್ಟ ರಬ್ಬರ್ ಬ್ಯಾಂಡು ಬಿಸಿಲಿಗೆ ಅಂಟಂಟಾಗಿ, ಬೇಕಾದ ದಿನವೇ ಪಟ್ ಅಂತ ಹರಿಯೋದು ಎಲ್ಲರಿಗೂ ಗೊತ್ತು. ಅದನ್ನು ಕತ್ತಲಿರೋ ಮುಚ್ಚಳದ ಡಬ್ಬಿಗೆ ಹಾಕಿ, ಒಂದು ಚಿಟಿಕೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಅಲ್ಲಾಡಿಸಿ ಇಡಿ.